ಶುಕ್ರವಾರದ ಪಾಲೀಶು

ಕಲಬುರ್ಗಿ ಹೊರಗ, ಶರಣಸಿರಸಗಿ ಕಡಿ ಹೊಸ ಲೇಔಟಿನಾಗ ನನ್ನ ಮಗಳ ಮನಿ ಅದ. ಎದುರು ಮನಿಯವ ಬ್ಯಾಂಕಿನಾಗ ನೌಕರಿ ಮಾಡ್ತಾನ. ಅವರಪ್ಪ ಬಿಟ್ಟು ಹೋದ ಹಳೇ ಲಾರಿ ಒಂದು ಅವನ ಹತ್ತಿರ ಅದ. ಮಾರಂಗಿಲ್ಲ, ಬಾಡಿಗಿಗೂ ಬಿಡಂಗಿಲ್ಲ. ಐತವಾರ ಬಂತಂದ್ರ ಚಡ್ಡಿ ಹಾಕ್ಕೊಂಡು, ಕರೆಂಟಿನ ಮಶೀನು ಹಿಡಿದು, ಅದರ ಬಣ್ಣ ತಿಕ್ಕಿ ತಿಕ್ಕಿ ಹೊಳಸ್ತಾನ. ಹೋದ ಐತವಾರ ನಾ ಕಟ್ಟಿ ಮ್ಯಾಲ ಕುಂತಿದ್ದೆ. ಗಾಳಿ ತಿರುಗಿ ಮೇಣದ ವಾಸನಿ ಬಂತು. ಅವ ಮಶೀನು ಬಂದ್ ಮಾಡಿ, ಹಣಿ ಒರಸಿಕೊಂಡು, "ಆಯಿ, ಹೆಂಗ ಕಾಣಸ್ತದ?" ಅಂದ.

"ಛಲೋ ಅದಪ್ಪ" ಅಂದೆ. ಅಂದು ಎದ್ದು ಒಳಗ ಹೋದೆ. ಮಗಳು ಬಿಸಿಲಿಗೆ ತ್ರಾಸಾಗ್ಯದಂತ ತಿಳಿದು ಮಜ್ಜಿಗಿ ಕೊಟ್ಟಳು. ಬಿಸಿಲಿನ ತ್ರಾಸ ಅಲ್ಲ ಅದು. ಇದೇ ಮಾತು ಹಿಂದ ನನ್ನನ್ನ ಒಬ್ಬರು ಕೇಳಿದ್ದರು, ಇದೇ ಉತ್ತರ ನಾ ಕೊಟ್ಟಿದ್ದೆ. ಅವತ್ತು ಅದು ಸುಳ್ಳಿತ್ತು.

ನಿಜಾಮರ ಕಾಲದ ಮಾತು. ನನ್ನ ಗಂಡ ಲಾರಿ ನಡಸ್ತಿದ್ದರು. ಲಾರಿ ಅವರದಲ್ಲ, ಸಾವಕಾರರದು. ಕಲಬುರ್ಗ್ಯಾಗ ಆಗ ಲಾರಿ ಅನ್ನೋವು ಬೆರಳ ಮ್ಯಾಲ ಎಣಿಸುವಷ್ಟಿದ್ದವು. ಇದು ಹಸಿರು ಬಣ್ಣದ್ದು, ಮುಂದ ಉರ್ದುದಾಗ ನಂಬರು ಬರೆದಿತ್ತು. ಕಮಲಾಪುರದ ತೋಟದಿಂದ ಕೆಂಪು ಬಾಳಿಗೊನಿ ತುಂಬಿಕೊಂಡು ಕಲಬುರ್ಗಿ ಸ್ಟೇಶನ್ನಿಗೆ ತರೋದು ಅದರ ಕೆಲಸ. ಗೊನಿ ಮ್ಯಾಲ ಮಂದೀನೂ ಕೂಡ್ತಿದ್ದರು. ದವಾಖಾನಿಗೆ ಬರೋ ಮುದುಕರು, ಕಚೇರಿಗೆ ಅರ್ಜಿ ಹಿಡಕೊಂಡು ಬರೋರು, ಕೂಸು ಎತ್ತಿಕೊಂಡ ಹೆಣ್ಣುಮಕ್ಕಳು. ಕಮಲಾಪುರ ನನ್ನ ತವರು. ಹಿಂಗಾಗಿ ಆ ಲಾರ್ಯಾಗ ಕೂಡೋರೊಳಗ ಅರ್ಧ ಮಂದಿ ನನಗ ಅಕ್ಕ, ಚಿಗವ್ವ, ಕಾಕಾ ಆಗಬೇಕಾದವರೇ ಇದ್ದರು.

ಬ್ಯಾರೆ ಡ್ರೈವರ್‌ಗಳು ರಜಾ ಇದ್ದ ದಿನ ಇಸ್ಪೀಟು ಆಡ್ತಿದ್ದರು, ಸೇಂದಿ ಕುಡೀತಿದ್ದರು. ಇವರಿಗೆ ಒಂದೇ ಶೋಕಿ, ಆ ಲಾರಿಯ ಬಣ್ಣಕ್ಕ ಹೊಳಪು ತರೋದು. ಸಾವಕಾರರು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ನಾನೇ ಒಂದು ಸಲ ಕೇಳಿದೆ: "ನಾಳಿ ಮತ್ತ ಧೂಳ್ಯಾಗ ಹೋಗ್ತದ, ಯಾಕ ತಿಕ್ಕತೀರಿ?"

"ನಾಳಿ ಮತ್ತ ಹಸಿವಾಗ್ತದ, ನೀ ಯಾಕ ಉಣ್ತಿ?" ಅಂದರು.

ಮಶೀನು ಮಾಡಿ ಕೊಟ್ಟವರು ದಸ್ತಗೀರ ಮಿಸ್ತ್ರಿ. ನಮ್ಮ ಓಣಿಯ ತುದಿಗೆ ಅವರ ಗಾಡಿ ರಿಪೇರಿ ಅಂಗಡಿ. ನಮ್ಮನಿಯವರಿಗೆ ಅವರಂದ್ರ ಜೀವ. ಕಬ್ಬಿಣಕ್ಕ ತೂತು ಹಾಕೋ ಕೈಮಶೀನು ಇರ್ತದಲ್ಲ, ಎದಿಗೆ ಒತ್ತಿ ಹಿಡಿದು ಪಕ್ಕದ ಹಿಡಿಕಿ ತಿರುವೋದು, ಅಂಥದ್ದೊಂದು ಹಳೇದು ಅವರ ಅಂಗಡ್ಯಾಗ ಬಿದ್ದಿತ್ತು. ಅದರ ಮುಂದಿನ ಮೊಳಿ ತೆಗೆದು, ರೊಟ್ಟಿಯಷ್ಟು ಅಗಲದ ಹಲಿಗಿ ಕೂಡಿಸಿದರು. ಹಲಿಗಿಗೆ ಕುರಿ ಚರ್ಮ, ಉಣ್ಣಿ ಹೊರಗ ಬರಂಗ ಬಿಗಿದರು. ಹಿಡಿಕಿ ಒಂದು ಸುತ್ತು ತಿರುವಿದರ ಹಲಿಗಿ ನಾಕು ಸುತ್ತು ತಿರಗ್ತಿತ್ತು.

ಹಚ್ಚೋ ಪುಡಿ ತಯಾರ ಮಾಡೋದು ನನ್ನ ಪಾಲಿಗೆ ಬಂತು. ಶಹಾಬಾದಿ ಫರಸಿ ಕಲ್ಲು ತಿಕ್ಕಿದಾಗ ಬೂದಿಯಂಥ ಪುಡಿ ಬೀಳ್ತದ. ಅದನ್ನ ತಂದು ನೀರಾಗ ಕದಡಬೇಕು. ದಪ್ಪಂದು ತಳಕ್ಕ ಕೂತ ಮ್ಯಾಲ ಹಾಲಿನಂಥ ನೀರಷ್ಟೇ ಬ್ಯಾರೆ ಗಡಿಗಿಗೆ ಬಸೀಬೇಕು. ಅದು ಒಣಗಿದ ಮ್ಯಾಲ ಮತ್ತ ಕದಡಬೇಕು. ಹಿಂಗ ಮೂರು ಸಲ. ಒಂದು ಹರಳು ಉಳಿದರೂ ಬಣ್ಣದ ಮ್ಯಾಲ ಗೀರು ಬೀಳ್ತದ. ಅದನ್ನ ಅಗಸಿ ಎಣ್ಣ್ಯಾಗ ಕಲಸಿ ತಿಕ್ಕೋದು, ಕಡೀಗೆ ಜೇನಿನ ಮೇಣ. ನನ್ನ ಎರಡು ಸೀರಿ ಸೋಸೋ ಅರಿವಿಯಾಗಿ ಹೋದವು. ಲಾರಿ ಹೊಳೀತಿತ್ತು, ನಾ ಮಾತ್ರ ತ್ಯಾಪಿ ಹಚ್ಚಿದ ಸೀರಿ ಉಡ್ತಿದ್ದೆ.

ಆಗ ರಜಾ ಶುಕ್ರವಾರ. ಬೆಳಿಗ್ಗೆ ನೆರಳು ಇರೋವಾಗ ಸುರು ಮಾಡ್ತಿದ್ದೆವು. ಅವರು ಎರಡೂ ಕೈಲೆ ಹಲಿಗಿ ಒತ್ತಿ ಸರಸ್ತಾ ಹೋಗೋದು, ನಾ ಪಕ್ಕದಾಗ ನಿಂತು ಹಿಡಿಕಿ ತಿರುವೋದು.

"ಸಾವಕಾಶ ತಿರುವು. ಜ್ವಾಳ ಬೀಸಾಕ ಬಂದೀಯೇನು?"

"ಬೀಸಿದ್ರ ರೊಟ್ಟಿಯಾದ್ರೂ ಆಗ್ತಿದ್ದವು."

ಪಕ್ಕದ ಮನಿ ಗುರವ್ವ ನೀರು ತರಾಕ ಹೋಗೋವಾಗ ನಿಂತು, "ಸವತಿಗೆ ನೀನೇ ಎಣ್ಣಿ ಹಚ್ಚಾಕತ್ತೀಯಲ್ಲೇ" ಅಂತಿದ್ದಳು. "ಈ ಸವತಿ ನಿನ್ನಂಗ ಚಾಡಿ ಹೇಳಂಗಿಲ್ಲ" ಅಂತಿದ್ದೆ. ನನ್ನ ಬಾಯಿ ಆಗಿನಿಂದಲೂ ಹಂಗೇ. ಇದ್ದದ್ದು ಇದ್ದಂಗ ಮುಖದ ಮ್ಯಾಲೇ ಹೇಳಾಕಿ ಅಂತ ಓಣಿಯೆಲ್ಲ ನನಗ ಅಂಜ್ತಿತ್ತು. ಅದರ ಜಂಬ ನನಗ ಥೋಡೆ ಇತ್ತು.

ಮಧ್ಯಾಹ್ನ ನಮಾಜು ಮುಗಿಸಿ, ಬಿಳಿ ಅರಿವ್ಯಾಗ ದಸ್ತಗೀರ ಭಾಯಿ ಬರ್ತಿದ್ದರು. ಎಣ್ಣಿ ಹತ್ತಬಾರದಂತ ಕೈ ಹಿಂದ ಕಟ್ಟಿಕೊಂಡು ಲಾರಿ ಸುತ್ತು ಹಾಕ್ತಿದ್ದರು. "ಇಲ್ಲಿ ಮಬ್ಬದ, ಉಸ್ತಾದ್" ಅಂದರ ಇವರು ಓಡಿ ಬಂದು, "ಎಲ್ಲಿ?" ಅನ್ನೋರು. "ನಿಮ್ಮ ಮೀಸಿ ಕಾಣವಲ್ದಲ್ಲ, ನೋಡ್ರಿ." ಇವರು ಬಾಗಿಲದಾಗ ಮುಖ ನೋಡಿಕೊಂಡು, ಮೀಸಿ ಕಾಣೋತನಕ ಮತ್ತ ತಿಕ್ಕೋರು. ನಮ್ಮ ಮನ್ಯಾಗ ಕನ್ನಡಿ ಇರಲಿಲ್ಲ. ರುಮಾಲು ಸುತ್ತಿಕೊಳ್ಳಾಕ ಅವರು ಲಾರಿ ಬಾಗಿಲದ ಮುಂದೇ ನಿಲ್ತಿದ್ದರು.

ಮೂರು ವರ್ಷ ಹಿಂಗ ನಡೀತು. ಆಮ್ಯಾಲ ಒಂದು ಶುಕ್ರವಾರ ಮುಂದಿನ ಗಾಲಿ ಮ್ಯಾಲಿನ ತಗಡು ತಿಕ್ಕಾಕತ್ತಿದ್ದೆವು. ಡೊಂಕು ಇದ್ದಲ್ಲಿ ಬಣ್ಣ ತೆಳ್ಳಗಿರ್ತದ, ಅಲ್ಲಿ ಹಲಿಗಿ ತಾಕಿಸಿ ಬಿಡಬೇಕು, ನಿಲ್ಲಿಸಬಾರದು ಅಂತ ನನಗ ಕಲಿಸಿದವರು ಅವರೇ. ಅವತ್ತು ಅಲ್ಲೇ ನಿಲ್ಲಿಸಿಬಿಟ್ಟರು. ಹಸಿರು ಹೋಗಿ ಒಳಗಿನ ಕೆಂಪು ಅಸ್ತರು ಕಂಡಿತು. ಮೊದಲು ಕುಂಕುಮದ ಬಟ್ಟಿನಷ್ಟು, ನೋಡನೋಡೂದ್ರೊಳಗ ಅಂಗೈಯಷ್ಟು. ನನ್ನ ಕೈ ತಾನೇ ನಿಂತಿತು.

"ಯಾಕ ನಿಂತಿ?" ಅಂದರು. ಬಗ್ಗಿ, ವಸ್ತ್ರದಿಂದ ಆ ಕೆಂಪನ್ನೇ ಒರಸಿದರು, ಮೂಗು ತಾಕುವಷ್ಟು ಹತ್ತಿರ ಹೋಗಿ ನೋಡಿದರು. ಎದ್ದು ನನ್ನ ಕಡಿ ತಿರುಗಿ ನಕ್ಕರು. "ಹೆಂಗ ಕಾಣಸ್ತದ?"

ನಾ ಅವರ ಮುಖ ನೋಡಿದೆ. ಚಾಷ್ಟಿ ಮಾಡಾಕತ್ತಿರಲಿಲ್ಲ. ಹೋದ ಆರು ತಿಂಗಳದಾಗ ಹಗಲ್ಯಾಗ ಹೊರಸಿಗೆ ಎಡವಿದ್ದು, ತಾಟಿನಾಗ ಶೇಂಗಾ ಹಿಂಡಿ ಎಲ್ಲದ ಅಂತ ಬೆರಳಿಲೆ ಹುಡುಕಿದ್ದು, ಎಲ್ಲ ಒಂದೇ ಸಲ ನನ್ನ ಕಣ್ಣ ಮುಂದ ಬಂತು. "ಛಲೋ ಕಾಣಸ್ತದ" ಅಂದೆ.

ಸಂಜೀಗೆ ಅವರು ಪ್ಯಾಟಿಗೆ ಹೋದಾಗ ದಸ್ತಗೀರ ಭಾಯಿಗೆ ಹೇಳಿ ಕಳಿಸಿ, ಆ ಕೆಂಪಿನ ಮ್ಯಾಲ ಹಸಿರು ಹಚ್ಚಿಸಿದೆ. ಭಾಯಿ ಕುಂಚ ತೊಳೀತಾ ಕೇಳಿದರು: "ಭಾಬಿ, ಉಸ್ತಾದರಿಗೆ ಇದು ಕಾಣಲಿಲ್ಲೇನ್ರಿ?"

"ಬಿಸಿಲು ಭಾಳ ಇತ್ತು" ಅಂದೆ. ಅವರು ಕುಂಚ ಒರಸಿ ಬಣ್ಣದ ಡಬ್ಬಿ ಮುಚ್ಚಿದರು.

ಕಣ್ಣು ಹೋಗಾಕತ್ತಿತ್ತು ಖರೆ, ಆದರ ಅಂಗೈ ಹೋಗಿರಲಿಲ್ಲ. ಎರಡು ದಿನದ ಮ್ಯಾಲ ಲಾರಿ ಸವರ್ತಾ ಅಲ್ಲಿಗೆ ಬಂದಾಗ ಅವರ ಕೈ ತಡೀತು. "ಇಲ್ಲಿ ಯಾರು ಬಣ್ಣ ಹಚ್ಯಾರ?" ಅಂದರು. ದಸ್ತಗೀರ ಭಾಯಿ ಅಂದೆ. ಯಾಕ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವತ್ತು ಇಬ್ಬರೂ ಬಾಯಿ ಬಿಟ್ಟಿದ್ದರ ಮುಂದಿನದು ಆಗ್ತಿರಲಿಲ್ಲ.

ಅದೇ ವಾರ ಕಮಲಾಪುರದ ಇಳಿಜಾರಿನಾಗ ಲಾರಿ ಒಂದು ಎತ್ತಿನ ಗಾಡಿಗೆ ತಾಕಿತು. ಎತ್ತಿನ ಕೋಡು ಮುರೀತು, ಮಂದಿಗೆ ಏನೂ ಆಗಲಿಲ್ಲ. ಮನಿಗಿ ಬಂದು, "ಗಾಡಿ ಎಲ್ಲಿಂದ ಬಂತೋ, ಭೂಮ್ಯಾಗಿಂದ ಎದ್ದಂಗ ಬಂತು" ಅಂತ ನಗಚಾಟಿಕಿ ಮಾಡಿದರು. ನಾ ನಗಲಿಲ್ಲ. ಆ ದಿನ ಗೊನಿ ಮ್ಯಾಲ ನಮ್ಮ ಚಿಗವ್ವ, ಮೊಮ್ಮಗಳನ್ನ ತೊಡಿ ಮ್ಯಾಲ ಕೂಡಿಸಿಕೊಂಡು ಕುಂತಿದ್ದಳು.

ಮರುದಿನ ನಿಜಾಮರ ಬಂಗಲಿ ಐವಾನ್-ಎ-ಶಾಹಿ ದಾಟಿ ಸಾವಕಾರರ ಮನಿಗೆ ಹೋದೆ. ಸಾವಕಾರರ ಮುಂದ ನಿಂತು ಮಾತಾಡೋ ಕಾಲ ಅಲ್ಲ ಅದು. ಹಿತ್ತಲ ಬಾಗಿಲಿಂದ ಹೋಗಿ ಅವರ ತಾಯಿಯ ಹತ್ತಿರ ಕುಂತೆ.

"ಅವ್ವಾರ, ನಮ್ಮನಿಯವರಿಗೆ ಕಣ್ಣು ಕಾಣವಲ್ದು. ಲಾರಿ ಬಿಡಸ್ರಿ."

ಆ ಮುದುಕಿ ಅಡಕಿ ಕತ್ತರಸೋದು ನಿಲ್ಲಿಸಿದಳು. "ನಿನ್ನ ಗಂಡಗ ಹೇಳೀಯೇನು?"

"ಅವರು ಕೇಳಂಗಿಲ್ರಿ" ಅಂದೆ. ಸುಳ್ಳು. ನಾ ಹೇಳೇ ಇರಲಿಲ್ಲ. ಊರ ಮಂದಿಗೆಲ್ಲ ಮುಖದ ಮ್ಯಾಲ ಹೇಳಾಕಿಗೆ ಆ ಒಂದು ಮುಖಕ್ಕ ಹೇಳಾಕ ಧೈರ್ಯ ಆಗಿರಲಿಲ್ಲ. ಎದ್ದು ಬರೋವಾಗ ಬಾಗಿಲದಾಗ ತಿರುಗಿ ನಿಂತು ಇನ್ನೊಂದು ಮಾತು ಅಂದೆ: "ನಾ ಹೇಳೀನಂತ ಹೇಳಬ್ಯಾಡ್ರಿ."

ಶುಕ್ರವಾರ ಸಾವಕಾರರು ಬಂದರು. ಅವರ ಮೋಟಾರು ಏನೋ ಸದ್ದು ಮಾಡ್ತಿತ್ತಂತ ಮೊದಲು ದಸ್ತಗೀರ ಭಾಯಿ ಅಂಗಡಿಗೆ ಹೋಗಿ, ಭಾಯಿನ್ನ ಸಂಗಡ ಕರಕೊಂಡೇ ನಮ್ಮ ಮನಿ ಮುಂದ ಬಂದರು. ನಾವಿಬ್ಬರೂ ಲಾರಿ ಹತ್ತಿರ ಇದ್ದೆವು. ಸಾವಕಾರರು ಚೀಲದೊಳಗಿಂದ ಒಂದು ಕೆಂಪು ಬಾಳಿಹಣ್ಣು ತೆಗೆದು, ಸದ್ದಾಗದಂಗ ಬಾನೆಟ್ಟಿನ ಮ್ಯಾಲ ಇಟ್ಟರು.

"ಬಾನೆಟ್ ಮ್ಯಾಲ ಏನೋ ಬಿದ್ದದ ನೋಡಪ್ಪ, ತೆಗಿ."

ಇವರು ಬಗ್ಗಿ ನೋಡಿದರು. ಈ ಕಡಿ ಒಮ್ಮೆ, ಆ ಕಡಿ ಒಮ್ಮೆ. "ಏನೂ ಇಲ್ರಿ ಧಣಿ, ಈಗ ಒರಸೀನಿ" ಅಂದರು. ಹಣ್ಣು ಅವರ ಕೈಯಿಂದ ಒಂದು ಗೇಣಿನಾಗ ಇತ್ತು.

ಸಾವಕಾರರು ಆ ಹಣ್ಣು ಎತ್ತಿ ಇವರ ಕೈಯಾಗ ಇಟ್ಟರು. ಅಷ್ಟೇ. ಬೈಲಿಲ್ಲ. ಇವರು ಹಣ್ಣಿನ ಮ್ಯಾಲ ಬೆರಳು ಆಡಿಸಿದರು. ಏನಂತ ತಿಳೀತು. ರುಮಾಲಿನ ತುದಿ ಬಿಚ್ಚಿ ಲಾರಿ ಕೀಲಿ ಕೊಟ್ಟರು.

ಸಾವಕಾರರು ಕೆಟ್ಟವರಲ್ಲ. ಹೈದರಾಬಾದಿಗೆ ಕಳಿಸಿ ಕಣ್ಣು ತೋರಿಸಿದರು. ಕಣ್ಣಿನ ಹಿಂದಿನ ನರ ಒಣಗ್ಯದ, ದವಾ ಇಲ್ಲ ಅಂದರಂತ. ಗೋದಾಮಿನ ಬಾಗಿಲಿಗೆ ಕೂಡೋ ಕೆಲಸ ಕೊಟ್ಟರು. ಕಣ್ಣು ಪೂರ್ತಿ ಹೋಗಾಕ ಇನ್ನೆರಡು ವರ್ಷ ಹಿಡೀತು. ಅಷ್ಟು ದಿನ ಅವರು ಆ ಇಳಿಜಾರಿನಾಗ ಲಾರಿ ನಡಸಿದ್ದರ ಏನಾಗ್ತಿತ್ತು ಅನ್ನೋದು ನಿಮಗೂ ತಿಳೀತದ. ಲಾರಿ ಬಿಡಿಸಿದ್ದಕ್ಕ ನಾ ಒಂದು ದಿನಾನೂ ಮರಗಿಲ್ಲ.

ಮರಗೋದು ಬ್ಯಾರೆಕ್ಕ. ಕೀಲಿ ಕೊಟ್ಟ ದಿನ ಸಂಜೀಗೆ ನಾ ರೊಟ್ಟಿ ಬಡಿಯಾಕತ್ತಿದ್ದೆ. ಇವರು ಕಂಬಕ್ಕ ಆತು ಕುಂತಿದ್ದರು.

"ದಸ್ತಗೀರ ಹೇಳ್ಯಾನ" ಅಂದರು.

ನಾ ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕಿದೆ.

"ಬಣ್ಣ ಹಚ್ಚಿದವ ಅವನೇ. ಅವನೊಬ್ಬಗೇ ಗೊತ್ತಿತ್ತು. ಅವನ ಸಂಗಡೇ ಬಂದರಲ್ಲ ಸಾವಕಾರರು."

ನಾ ರೊಟ್ಟಿ ಬಡೀತಾ ಹೋದೆ. ಆ ಸದ್ದಿನಾಗ ಮಾತಾಡದೇ ಇರೋದು ಸುಲಭ. ಬ್ಯಾಡಂದಷ್ಟು ರೊಟ್ಟಿ ಆದವು ಅವತ್ತು.

ದಸ್ತಗೀರ ಭಾಯಿ ಮೂರು ಸಲ ಮನಿಗೆ ಬಂದರು. ಮೂರೂ ಸಲ ಇವರು ಗ್ವಾಡಿ ಕಡಿ ಮುಖ ಮಾಡಿ ಮಲಗಿದರು. ಮೂರನೇ ಸಲ ಭಾಯಿ ಹೊರಗ ಚಪ್ಪಲಿ ಹಾಕ್ಕೊಳ್ತಾ ನನಗ ಅಂದರು: "ಭಾಬಿ, ನಾ ಹೇಳಿಲ್ರಿ."

"ಗೊತ್ತದ ಭಾಯಿ."

ಒಂದು ಚಪ್ಪಲಿ ಕಾಲಾಗ, ಒಂದು ಕೈಯಾಗ ಹಿಡಿದು ಅವರು ಹಂಗೇ ನಿಂತರು. ನನ್ನನ್ನ ನೋಡಿದರು. ನಾ ತಲಿ ಬಗ್ಗಿಸಿದೆ. ಅವರಿಗೆ ತಿಳೀತು. "ಹಂಗಾದ್ರ ಇರಲಿ ಬಿಡ್ರಿ" ಅಂದರು. ಒಳಗ ಹೋಗಿ ಒಂದೇ ಮಾತಿನಾಗ ನನ್ನ ಹೆಸರು ಹೇಳಬಹುದಿತ್ತು. ಹೇಳಲಿಲ್ಲ. ಆಮ್ಯಾಲ ಪ್ಯಾಟ್ಯಾಗ ಕಂಡಾಗೆಲ್ಲ, "ಉಸ್ತಾದರು ಆರಾಮ ಅದಾರೇನ್ರಿ?" ಅಂತ ಕೇಳ್ತಿದ್ದರು. ಆರಾಮ ಅದಾರ ಅಂತಿದ್ದೆ.

ನಿಜಾಮರ ಆಳಿಕಿ ಹೋತು. ಲಾರಿಗೆ ಬ್ಯಾರೆ ಡ್ರೈವರ್ ಬಂದ, ಅದು ಧೂಳು ಹಿಡಿದು ಮುದಿಯಾತು. ಮಶೀನು ಏನಾತೋ ನೆನಪಿಲ್ಲ. ದಸ್ತಗೀರ ಭಾಯಿ ಮೊದಲು ಹೋದರು. ಅವರ ಜನಾಜಾ ನಮ್ಮ ಮನಿ ಮುಂದೇ ಹೋತು. ಇವರು ಒಳಗ ಕುಂತು ಕಾಲಿನ ಸದ್ದು ಕೇಳಿ, "ಯಾರದು?" ಅಂದರು. ಹೇಳಿದೆ. "ಹೂಂ" ಅಂದರು. ಆಗಾದ್ರೂ ಖರೆ ಮಾತು ಹೇಳಬಹುದಿತ್ತು. ಅದಾದ ಮ್ಯಾಲ ಇವರು ಏಳು ವರ್ಷ ಬದುಕಿದ್ದರು. ಆ ಏಳು ವರ್ಷದಾಗ ಯಾವ ದಿನ ಬೇಕಾದರೂ ಹೇಳಬಹುದಿತ್ತು.

ಐತವಾರ ಎದುರು ಮನಿಯವಗ ಛಲೋ ಅಂದು ಒಳಗ ಹೋದಾಕಿ, ಸೋಮವಾರ ಆಟೋ ಮಾಡಿಕೊಂಡು ಸೂಪರ್ ಮಾರ್ಕೆಟ್ ಹಿಂದಿನ ನಮ್ಮ ಹಳೇ ಓಣಿಗೆ ಹೋದೆ. ದಸ್ತಗೀರ ಭಾಯಿಯ ಮಗ ಸೊಸಿ ಇನ್ನೂ ಅಲ್ಲೇ ಅವರ ಹಳೇ ಮನ್ಯಾಗ ಅದಾರ. ಸೊಸಿಗೆ ನನ್ನ ಗುರುತು ಇಲ್ಲ. ನಾ ಯಾರಂತ ಹೇಳಿಕೊಂಡು, ಅಕಿ ಕೊಟ್ಟ ಕುರ್ಚಿ ಮ್ಯಾಲ ಕುಂತು ಎಲ್ಲ ಹೇಳಿದೆ. ಅಕಿ ಕೇಳಿದಳು. ಒಳಗ ಕುಕ್ಕರ್ ಸೀಟಿ ಹೊಡೀತು, ಎದ್ದು ಹೋಗಿ ಬಂದಳು.

"ಅಮ್ಮಾ, ಮಾವ ಹೋಗಿ ಎಷ್ಟೋ ವರ್ಷ ಆತು. ನಮಗ ಇದೇನೂ ಗೊತ್ತೇ ಇಲ್ಲ. ಈಗ ಯಾರಿಗೆ ಬೇಕ್ರಿ ಇದು?"

"ನನಗ ಬೇಕು" ಅಂದೆ.

ಅಕಿ ನನ್ನ ಮುಖ ನೋಡಿದಳು. ಆಮ್ಯಾಲ ಒಳಗಿನ ಕೋಲಿ ಕಡಿ ತಿರುಗಿ, "ಏನ್ರೀ, ಇಲ್ಲಿ ಬರ್ರಿ. ಅಬ್ಬಾಂದು ಏನೋ ಹೇಳಾಕ ಬಂದಾರ" ಅಂತ ಕರೆದಳು. ಭಾಯಿಯ ಮಗ ಬಂದ. ತಲಿ ಬೆಳ್ಳಗಾಗ್ಯದ. ಅವರಪ್ಪನಂಗೇ ಕೈ ಹಿಂದ ಕಟ್ಟಿಕೊಂಡು ನಿಂತ. ಕೂಡಪ್ಪ ಅಂದೆ, ಕುಂತ.

ನಾ ಮತ್ತ ಮೊದಲಿನಿಂದ ಹೇಳಿದೆ. ಸೊಸಿಯ ಮುಂದ ಹೇಳೋವಾಗ ಸಾವಕಾರರ ಮನಿ ಬಾಗಿಲದಾಗ ತಿರುಗಿ ನಿಂತು ಅಂದ, "ನಾ ಹೇಳೀನಂತ ಹೇಳಬ್ಯಾಡ್ರಿ" ಅನ್ನೋ ಕಡೀ ಮಾತು ಬಿಟ್ಟಿದ್ದೆ. ಮಗನ ಮುಂದ ಅದನ್ನೂ ಹೇಳಿದೆ.