ಮೀನಿನ ಟೆಂಪೋದಲ್ಲಿ ಬಂದ ಹುಲ್ಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಇರಲಿ. ಆ ವಾರ ಹಣಕೋಣದಲ್ಲಿ ನಡೆದದ್ದನ್ನು ಕಂಡಿದ್ದರೆ ಯಾರಿಗಾದರೂ ಮೈ ಉರಿಯುತ್ತಿತ್ತು.

ಗುಡ್ಡಕ್ಕೆ ಬಿದ್ದ ಬೆಂಕಿ ಮಧ್ಯಾಹ್ನದ ಗಾಳಿಗೆ ಕೆಳಗಿಳಿದು ಊರಂಚಿನ ಹುಲ್ಲಿನ ಬಣವೆಗಳನ್ನೆಲ್ಲ ನುಂಗಿತ್ತು. ದೇವರ ದಯೆ, ಮನೆಗಳು ಉಳಿದವು. ನಾನು ಸದಾಶಿವಗಡದಿಂದ ಸ್ಕೂಟಿಯ ಹಿಂದೆ ಬುಟ್ಟಿ ಕಟ್ಟಿಕೊಂಡು ದಿನಾ ಮೀನು ಮಾರಲು ಹೋಗುವ ಕೇರಿ ಅದು. ಅಂಥ ಹೊತ್ತಿನಲ್ಲಿ ವ್ಯಾಪಾರ ಮಾಡಲು ಮನಸ್ಸಾಗದೆ ಆ ವಾರ ಬುಟ್ಟಿ ಇಲ್ಲದೆಯೇ ಹೋಗುತ್ತಿದ್ದೆ. ಕೊನೆಯ ಮನೆಯಲ್ಲಿ ವಯಸ್ಸಾದ ಒಬ್ಬ ಅಮ್ಮ ಇದ್ದಾರೆ. ಅವರ ಆಕಳು ತುಂಬು ಗಬ್ಬ. ಮಳೆಗಾಲದವರೆಗೆಂದು ಕೂಡಿಟ್ಟ ಹುಲ್ಲೆಲ್ಲ ಬೂದಿಯಾಗಿತ್ತು. ಶನಿವಾರದೊಳಗೆ ಹುಲ್ಲು ಸಿಗದಿದ್ದರೆ ಆಕಳನ್ನು ಕೊಟ್ಟುಬಿಡುತ್ತೇನೆಂದು ಅವರು ದಲ್ಲಾಳಿಗೆ ಮಾತು ಕೊಟ್ಟಿದ್ದರು. ಅದನ್ನು ನನಗೆ ಹೇಳುವಾಗ ಕೊಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ.

ಮಂಗಳವಾರ ಪೇಟೆಯಿಂದ ಪರಿಹಾರ ಸಮಿತಿಯವರು ಬಂದರು. ತಂದದ್ದೇನು? ಹಳೇ ಸೀರೆ, ಬಿಸ್ಕೀಟು, ನೀರಿನ ಬಾಟಲಿ. ಮನೆಮನೆಗೂ ಬಾವಿ ಇರುವ ಕೇರಿಗೆ ನೀರಿನ ಬಾಟಲಿ! ಅಮ್ಮನ ಕೈಗೆ ಸೀರೆಯ ಗಂಟು ಕೊಟ್ಟು ಫೋಟೋ ತೆಗೆದರು. ಬಿಸಿಲು ಎದುರಿಗಿದೆ ಎಂದು ಅವರನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ತೆಗೆದರು.

"ಸೀರೆ ಆಕಳು ತಿಂತದ್ಯೇನ್ರೋ?" ಎಂದು ಕೂಗಿದೆ. "ಕೊಡೂಕೆ ಮೊದ್ಲು ಒಂದ್ ಮಾತು ಕೇಳೂಕೆ ಏನ್ ಧಾಡಿ ನಿಮ್ಗೆ?"

ಸಮಿತಿಯವರು ನನ್ನನ್ನು ಹುಚ್ಚಿಯಂತೆ ನೋಡಿ ಕಾರು ಹತ್ತಿದರು. ಅಮ್ಮ ನನ್ನ ಸೆರಗು ಜಗ್ಗಿ, "ಸುಮ್ನಿರೇ ಮಾರಾಯ್ತಿ, ಪಾಪ, ಅಷ್ಟು ದೂರದಿಂದ ಬಂದಾರೆ" ಎಂದರು. ಆ "ಪಾಪ" ಕೇಳಿ ನನಗೆ ಮತ್ತಷ್ಟು ರೇಗಿತು.

ಇವರನ್ನು ನಂಬಿ ಕೂತರೆ ಆಗುವುದಲ್ಲ, ನಾನೇ ಮಾಡುತ್ತೇನೆ ಎಂದು ಮನೆಗೆ ಬಂದೆ. ನನ್ನ ಗಂಡ ಟೆಂಪೋದಲ್ಲಿ ಹಳಿಯಾಳಕ್ಕೆ ಮೀನು ಒಯ್ಯುತ್ತಾರೆ, ಬರುವಾಗ ಗಾಡಿ ಖಾಲಿ. ಅಲ್ಲಿ ಮೀನು ಕೊಳ್ಳುವವರೊಬ್ಬರು ಹುಲ್ಲು ಕೊಡಲು ಒಪ್ಪಿದರು. ಹುಲ್ಲು ತುಂಬುವ ಮೊದಲು ಗಾಡಿಗೆ ಎರಡು ಬಾಲ್ದಿ ನೀರು ಹೊಡೆಯಿರಿ ಎಂದು ಗಂಡನಿಗೆ ಫೋನಿನಲ್ಲಿ ಹೇಳಿದೆ. ಅವರು ಹೊಡೆದರು. ಹುಟ್ಟಿದಾಗಿನಿಂದ ಮೀನಿನ ನಡುವೆ ಬದುಕಿದ ನಮ್ಮಿಬ್ಬರಿಗೂ ಅದರಾಚೆ ಏನೂ ಹೊಳೆಯಲಿಲ್ಲ.

ಗುರುವಾರ ಬೆಳಿಗ್ಗೆ ಆ ಹುಲ್ಲಿನ ಟೆಂಪೋದಲ್ಲಿ ಗಂಡನ ಪಕ್ಕ ಕೂತು ಹಣಕೋಣಕ್ಕೆ ಹೋದೆ. ನನ್ನ ಜಂಬ ಕೇಳಬೇಡಿ. ಕೇರಿಯವರೆಲ್ಲ ಸೇರಿದರು. ಒಂದು ಕಟ್ಟು ಬಿಚ್ಚಿ ಆಕಳಿನ ಮುಂದೆ ಹಾಕಿದೆ. ಅದು ಮೂಸಿತು. ಫೂ ಎಂದು ಉಸಿರು ಬಿಟ್ಟು ಹಿಂದೆ ಸರಿಯಿತು. ಇನ್ನೊಂದು ಕಟ್ಟು ಬಿಚ್ಚಿದೆ. ಮೂಸುವ ಮೊದಲೇ ಮುಖ ತಿರುಗಿಸಿತು.

"ತಾರ್ಲೆ ಮೀನಿನ ವಾಸ್ನೆ," ಎಂದಿತು ಯಾವುದೋ ಹೆಂಗಸಿನ ದನಿ. ಎಲ್ಲರೂ ನಕ್ಕರು. ಅಮ್ಮ ಮಾತ್ರ ನಗಲಿಲ್ಲ.

"ತಿನ್ನೇ ಹಾಳಾದವಳೇ!" ಎಂದು ಆ ಬಸುರಿ ಆಕಳಿಗೇ ಬೈದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಅಳು ಬಂದಿತ್ತು. ಗಂಡ ತಲೆ ಕೆರೆದುಕೊಂಡು ನಿಂತಿದ್ದರು.

ಅಮ್ಮ ನನ್ನನ್ನು ಜಗಲಿಗೆ ಕರೆದು ಕೂರಿಸಿ ನೀರು ಕೊಟ್ಟರು. ಆಮೇಲೆ ಮೆಲ್ಲಗೆ, "ಕದ್ವಾಡದಲ್ಲಿ ನನ್ ತಂಗಿ ಮನೆಲಿ ಬೇಕಾದಷ್ಟು ಹುಲ್ಲದೆ. ತರೂಕೆ ಒಂದ್ ಗಾಡಿ ಬೇಕಾಗಿತ್ತು, ಅಷ್ಟೇ" ಎಂದರು.

ಕದ್ವಾಡ! ಕಾಳಿಯ ಸೇತುವೆ ದಾಟಿದರೆ ಸಿಗುವ ಊರು. ನಾವೋ ಹುಲ್ಲನ್ನು ಹಳಿಯಾಳದಿಂದ ಘಟ್ಟ ಇಳಿಸಿ ತಂದಿದ್ದೆವು.

"ಅಯ್ಯೋ ಅಮ್ಮಾ, ಹೇಳೂಕಾಗಲಿಲ್ವೇ ನಿಮ್ಗೆ?"

"ಕೇಳಿದ್ರೆ ಹೇಳ್ತಿದ್ದೆ ತಂಗಿ. ಎಲ್ರೂ ಪ್ರೀತಿಲಿ ತರ್ತಾರೆ. ಕೊಡೂಕೆ ಬಂದವ್ರ ಹತ್ರ, ಇದು ಬೇಡ, ಅದು ಬೇಕು ಹೇಳಿ ಹ್ಯಾಂಗೆ ಹೇಳೂದು?"

ಮರುದಿನ ತೆಂಗಿನಕಾಯಿ ಸಾಗಿಸುವ ಪಕ್ಕದ ಮನೆಯವರ ಗಾಡಿ ಬೇಡಿ ತಂದೆ. ಅಮ್ಮ ಸಮಿತಿಯವರ ಸೀರೆಗಳನ್ನೇ ಅದರ ತಳಕ್ಕೆ ಹಾಸಿದರು. ನಾನು ಬಾಯಿ ಮುಚ್ಚಿಕೊಂಡು ಇನ್ನೊಂದು ತುದಿ ಹಿಡಿದೆ. ಕದ್ವಾಡದ ಹುಲ್ಲು ಮಧ್ಯಾಹ್ನದೊಳಗೆ ಬಂತು. ಆಕಳು ತಲೆ ಎತ್ತದೆ ತಿಂದಿತು. ಶನಿವಾರ ದಲ್ಲಾಳಿ ಬರಿಗೈಲಿ ವಾಪಸು ಹೋದ.

ಸೋಮವಾರ ಮತ್ತೆ ಬುಟ್ಟಿ ಕಟ್ಟಿಕೊಂಡು ಹೋದೆ. ಅಂಗಳದಲ್ಲಿ ಸ್ಕೂಟಿ ನಿಲ್ಲಿಸಿದವಳೇ ಎಂದಿನಂತೆ, "ಅಮ್ಮಾ, ಇವತ್ತು ಎಂತ ಬೇಕು?" ಎಂದು ಕೂಗಿದೆ. ಕೂಗಿದವಳು ಅಲ್ಲೇ ನಿಂತುಬಿಟ್ಟೆ. ವರ್ಷಗಳಿಂದ ದಿನಾ ಬೆಳಿಗ್ಗೆ ಅದೇ ಅಂಗಳದಲ್ಲಿ ಅದನ್ನೇ ಕೇಳುತ್ತಿದ್ದೇನೆ. ಬೆಂಕಿ ಬಿದ್ದ ವಾರ ಬುಟ್ಟಿ ಇರಲಿಲ್ಲ, ಕೇಳಲೂ ಇಲ್ಲ.