ಅಪ್ಪನಿಗೊಂದು ಸ್ಲೀಪರ್ ಟಿಕೆಟ್

ತೊಂಬತ್ತರ ದಶಕದ ಮೊದಮೊದಲ ವರ್ಷಗಳಲ್ಲಿ ಸಿಡ್ನಿಯಲ್ಲಿ ಸಂಜೆ ಹತ್ತಿದರೆ ಬೆಳಿಗ್ಗೆ ಮೆಲ್ಬರ್ನ್‌ನಲ್ಲಿ ಇಳಿಸುವ ಸ್ಲೀಪರ್ ರೈಲು ಇನ್ನೂ ಓಡುತ್ತಿತ್ತು. ವಿಮಾನ ಬಿಟ್ಟು ಅದನ್ನು ಹತ್ತುವವರು ಕಡಿಮೆಯಾಗಿದ್ದರು. ನಿಲ್ಲಿಸಿಬಿಡುತ್ತಾರಂತೆ ಎಂಬ ಮಾತೂ ಕೇಳಿಬರುತ್ತಿತ್ತು. ಮೈಸೂರಿನಿಂದ ಬಂದಿದ್ದ ಅಪ್ಪ ಸಿಡ್ನಿಯ ಹೊರವಲಯದ ಪೆಂಡಲ್ ಹಿಲ್‌ನ ನಮ್ಮ ಮನೆಯಲ್ಲಿ ಕೂತು ಕೂತು ಬೇಸತ್ತಿದ್ದರು. ಅದು ನಿಲ್ಲುವ ಮೊದಲೇ ಒಮ್ಮೆ ಅವರನ್ನು ಹತ್ತಿಸೋಣವೆಂದು ಫಸ್ಟ್ ಕ್ಲಾಸ್ ಕ್ಯಾಬಿನ್ ಬುಕ್ ಮಾಡಿದೆ.

ಅಪ್ಪ ರೈಲ್ವೆಯಲ್ಲಿ ಕೋಚ್ ಅಟೆಂಡೆಂಟ್ ಆಗಿದ್ದವರು. ದೊಡ್ಡ ಸಾಹೇಬರು ಓಡಾಡುವ ಸಲೂನ್ ಬೋಗಿಯಲ್ಲಿ ಹಾಸಿಗೆ ಹಾಸುವುದು, ಬೂಟು ಒರೆಸುವುದು, ಬೆಳಗಿನ ಕಾಫಿ ಕೊಡುವುದು ಅವರ ಕೆಲಸ. ತೇಗದ ಗೋಡೆ, ಹಿತ್ತಾಳೆಯ ದೀಪ, ಗಂಜಿ ಹಾಕಿದ ದುಪ್ಪಟಿ, ಅಲುಗಾಡುವ ಗಾಡಿಯಲ್ಲೂ ಚೆಲ್ಲದಂತೆ ಬಡಿಸಿದ ಸೂಪು, ಇವನ್ನೆಲ್ಲ ಅವರು ವರ್ಣಿಸುತ್ತಿದ್ದರೆ ನಾವು ಮಕ್ಕಳು ಕೈ ಒಣಗಿದ್ದೂ ತಿಳಿಯದೆ ತಟ್ಟೆಯ ಮುಂದೆ ಕೂತಿರುತ್ತಿದ್ದೆವು. ಆ ಹಾಸಿಗೆಯ ಮೇಲೆ ಅಪ್ಪ ಒಂದು ದಿನವೂ ಮಲಗಿದವರಲ್ಲ. ಒಮ್ಮೆಯಾದರೂ ಅವರು ಕೂತಿರಬೇಕು, ಬೇರೆ ಯಾರೋ ಬಂದು ಹಾಸಿಕೊಡಬೇಕು ಎಂಬುದು ನನ್ನ ಹಠವಾಗಿತ್ತು.

ಹೀಗೆ ಹೇಳಿದರೆ ನಾನು ಭಾರಿ ಪಿತೃಭಕ್ತನೆಂದು ತೋರಬಹುದು. ಆದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸಿಡ್ನಿಯ ನಮ್ಮ ಕನ್ನಡದ ಗುಂಪಿನಲ್ಲಿ ಆಗ ಇದ್ದವರೆಲ್ಲ ಡಾಕ್ಟರು, ಎಂಜಿನಿಯರು, ಪ್ರೊಫೆಸರು. ಅವರ ಮನೆಗಳಿಗೆ ಊಟಕ್ಕೆ ಹೋದರೆ ತಟ್ಟೆ ಕೈಗೆ ಬರುವ ಮೊದಲೇ "ನಿಮ್ ಫಾದರ್ ಏನ್ಮಾಡ್ತಿದ್ರು?" ಎಂಬ ಪ್ರಶ್ನೆ ಬರುತ್ತಿತ್ತು. "ರೈಲ್ವೇಲಿ ಆಫೀಸರ್" ಎಂದುಬಿಟ್ಟಿದ್ದೆ. ಮೊದಲ ಸಲ ಬಾಯಿ ತಪ್ಪಿ ಬಂತು ಎನ್ನಬಹುದು. ಆಮೇಲೆ ವರ್ಷಗಟ್ಟಲೆ ಅದನ್ನೇ ಹೇಳಿದೆ. ಅಪ್ಪ ಬಂದ ಎರಡನೇ ವಾರ ಅಂಥದೇ ಒಂದು ಊಟದಲ್ಲಿ ಯಾರೋ ಅವರನ್ನು "ಆಫೀಸರ್ ಅಂಕಲ್" ಎಂದು ಕರೆದರು. ಅಪ್ಪ ಒಮ್ಮೆ ನನ್ನತ್ತ ನೋಡಿ ಕೋಸಂಬರಿ ಹಾಕಿಸಿಕೊಂಡರು. ಮನೆಗೆ ಬಂದ ಮೇಲೂ ಆ ಮಾತು ಎತ್ತಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಸೆಂಟ್ರಲ್ ಸ್ಟೇಷನ್‌ನಲ್ಲಿ ರೈಲು ಹತ್ತಿದರೆ ಪಕ್ಕದ ಕ್ಯಾಬಿನ್‌ನಲ್ಲಿ ಅದೇ ಗುಂಪಿನ ಡಾಕ್ಟರೊಬ್ಬರು! "ಓ, ಆಫೀಸರ್ ಅಂಕಲ್! ನೀವೂ ಇದೇ ಟ್ರೇನಾ?" ನಾನು ಟಿಕೆಟ್ ನೋಡುವವನಂತೆ ತಲೆ ತಗ್ಗಿಸಿದೆ. ಅಪ್ಪ ಮಾತ್ರ ನಗುತ್ತಾ ಕೈಮುಗಿದರು.

ಊಟದ ಬೋಗಿಯಲ್ಲಿ ಅಪ್ಪ ಸೂಪು ಕುಡಿದದ್ದಕ್ಕಿಂತ ನ್ಯಾಪ್ಕಿನ್ ಮಡಿಸಿದ ರೀತಿಯನ್ನು ಪರೀಕ್ಷಿಸಿದ್ದೇ ಹೆಚ್ಚು. ವಾಪಸು ಬಂದು ನಾನು ಕೈ ತೊಳೆಯಲು ಹೋದೆ. ಬರುವಷ್ಟರಲ್ಲಿ ಅವರು ಗೋಡೆಯ ಚಿಲಕ ಹುಡುಕಿ, ಮಂಚ ಎರಡನ್ನೂ ಇಳಿಸಿ, ಹಾಸಿಗೆ ಸಿದ್ಧಮಾಡಿಬಿಟ್ಟಿದ್ದರು. ಆ ಕೆಲಸಕ್ಕೆಂದು ಬಂದ ನರೆಮೀಸೆಯ ಅಟೆಂಡೆಂಟ್ ಬಾಗಿಲಲ್ಲೇ ನಿಂತ.

"ಈ ಕೆಲಸ ನಿಮಗೆ ಹೊಸದಲ್ಲ ಅನ್ಸುತ್ತೆ," ಎಂದ ಇಂಗ್ಲಿಷಿನಲ್ಲಿ.

"ಮೂವತ್ತೊಂದು ವರ್ಷ, ಸರ್," ಎಂದರು ಅಪ್ಪ, ತಮ್ಮ ಸರ್ವಿಸಿನ ಇಂಗ್ಲಿಷಿನಲ್ಲಿ, ಬೆನ್ನು ನೆಟ್ಟಗೆ ಮಾಡಿ.

ಆತ ಹೋದ ಮೇಲೆ ನನಗೆ ರೇಗಿತು. "ಅಪ್ಪಾ, ಒಂದ್ ದಿನ ಸುಮ್ನೆ ಕೂತ್ಕೊಳ್ಳೋಕಾಗಲ್ವಾ ನಿಮ್ಗೆ?"

"ಅವನಿಗೆ ಇನ್ನೂ ಎಷ್ಟ್ ಕ್ಯಾಬಿನ್ ಬಾಕಿ ಇದೆಯೋ ಏನೋ. ಕೂತು ನೋಡ್ತಾ ಇರೋದು ನಂಗೆ ಬರಲ್ಲ ಕಣೋ."

ಬೆಳಿಗ್ಗೆ ಎದ್ದಾಗ ಕಿಟಕಿಯಾಚೆ ಒಣಹುಲ್ಲಿನ ಬಯಲು, ಅಲ್ಲಲ್ಲಿ ಕುರಿಗಳು. ಅಪ್ಪ ಹಾಸಿಗೆಯಲ್ಲಿರಲಿಲ್ಲ. ಹೊರಗೆ ಬಂದು ನೋಡಿದರೆ ಕಾರಿಡಾರಿನ ಕೊನೆಯಲ್ಲಿ ಅವರೂ ಅಟೆಂಡೆಂಟೂ ದುಪ್ಪಟಿಯ ಎರಡು ತುದಿ ಹಿಡಿದು ನಿಂತಿದ್ದರು. ಹಿಂದೆ ಎರಡು ರಾಜ್ಯಗಳ ಹಳಿಯ ಅಗಲ ಬೇರೆ ಬೇರೆಯಾಗಿದ್ದು, ಗಡಿಯ ಆಲ್ಬರಿಯಲ್ಲಿ ಎಷ್ಟೇ ದೊಡ್ಡ ಮನುಷ್ಯನಾದರೂ ಗಂಟುಮೂಟೆ ಹೊತ್ತು ರೈಲು ಬದಲಿಸಬೇಕಿತ್ತೆಂದು ಆತ ಹೇಳುತ್ತಿದ್ದ. ಮೈಸೂರಿನವರಾದ ನಾವು ಮದರಾಸಿಗೆ ಹೋಗಲು ಬೆಂಗಳೂರಿನಲ್ಲಿ ಇಂದಿಗೂ ಅದನ್ನೇ ಮಾಡುತ್ತೇವೆಂದು ಅಪ್ಪ ಗಹಗಹಿಸಿ ನಗುತ್ತಿದ್ದರು. ಸಿಡ್ನಿಗೆ ಬಂದ ಎರಡು ತಿಂಗಳಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅವರಿಗೆ ಬೇಕಾಗಿದ್ದ ಫಸ್ಟ್ ಕ್ಲಾಸ್ ಆ ಕಾರಿಡಾರಿನಲ್ಲಿತ್ತು.

ಅಷ್ಟರಲ್ಲಿ ಡಾಕ್ಟರರ ಬಾಗಿಲು ತೆರೆಯಿತು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದವರು ಬೆರಗಾಗಿ ನಿಂತರು.

"ಏನ್ ಅಂಕಲ್, ನೀವ್ಯಾಕೆ ಬೆಡ್‌ಶೀಟ್ ಫೋಲ್ಡ್ ಮಾಡ್ತಿದೀರಾ?"

ಆಗ ಹೇಳಬಹುದಿತ್ತು. ನಮ್ಮಪ್ಪನ ಕೆಲಸವೇ ಇದು, ಇದರಿಂದಲೇ ನನ್ನನ್ನು ಎಂಜಿನಿಯರ್ ಮಾಡಿದರು ಎಂಬ ಮಾತು ಗಂಟಲಿನವರೆಗೂ ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ದುಪ್ಪಟಿಯನ್ನು ಅಟೆಂಡೆಂಟನ ಕೈಗಿತ್ತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಆಫೀಸರ್ ಆಗಿದ್ದಾಗ ಇದನ್ನೆಲ್ಲ ಇನ್‌ಸ್ಪೆಕ್ಷನ್ ಮಾಡ್ತಿದ್ದೆ ನೋಡಿ, ಡಾಕ್ಟ್ರೇ. ಹಳೇ ಅಭ್ಯಾಸ, ಬಿಡಲ್ಲ."

ಡಾಕ್ಟರು ನಕ್ಕು ಮುಂದೆ ಹೋದರು. ಕನ್ನಡ ಬಾರದ ಅಟೆಂಡೆಂಟ್ ಸುಮ್ಮನೆ ಮುಗುಳ್ನಗುತ್ತಿದ್ದ. ಸರಿಯಾಗಿ ಹೇಳಿದೆನಾ ಎಂದು ಕೇಳುವವರಂತೆ ಅಪ್ಪ ನನ್ನ ಮುಖ ನೋಡಿದರು.

ನಾನು ಹೌದೆಂದು ತಲೆಯಾಡಿಸಿದೆ.