ಕೈ ಆಡಿದರೆ ಮಾತ್ರ ಓಡುವ ವಾಚು

ಸ್ನೇಹಿತರೇ, ಇವತ್ತು ಆದವಾನಿಯ ವಾಚಿನ ಅಂಗಡಿಯಲ್ಲಿ ನನ್ನ ನೌಕರಿಯ ವಿಚಾರಣೆ ನಡೆಯಿತು.

ಹದಿನೈದು ಸಾವಿರದೊಳಗೆ ಒಂದು ಸಾದಾ ಆಟೋಮ್ಯಾಟಿಕ್ ವಾಚು ಬೇಕಿತ್ತು. ನನ್ನ ಮಣಿಕಟ್ಟು ಸಣ್ಣದು. ಅಂಗಡಿಯವರು ತೋರಿಸಿದ ದೊಡ್ಡ ವಾಚುಗಳು ಅಂಗಿಯ ತೋಳಿನೊಳಗೆ ಹೋಗಲೇ ಇಲ್ಲ. ಕೊನೆಗೆ ತೆಳ್ಳನೆಯದೊಂದು ಕೈಗೆ ಸರಿಯಾಗಿ ಕೂತಿತು. ಮುಳ್ಳು ಮಾತ್ರ ಅಲುಗಲಿಲ್ಲ.

ಜೊತೆಗಿದ್ದ ನನ್ನ ಹೆಂಡತಿ, ಶಾಲೆಯ ಟೀಚರು, ಅದನ್ನು ಬಿಚ್ಚಿಸಿ ಕಿವಿಗೆ ಹಿಡಿದಳು.

"ನಿಂತೈತಲ್ರಿ, ಸೆಲ್ ಇಲ್ಲೇನು?"

"ಇದಕ್ಕ ಸೆಲ್ಲೇ ಇರಂಗಿಲ್ಲಮ್ಮಾ. ಕೈ ಆಡಿದ್ರ ತಾನೇ ಕೀ ತುಂಬಿಕೊಳ್ತೈತಿ. ಸಾರು ಏನು ಕೆಲಸ ಮಾಡ್ತಾರ?"

"ಮಂಡಲ ಆಫೀಸಿನಾಗ ಕುಂದರ್ತಾರ್ರಿ."

"ಫೈಲಾದ್ರೂ ಸರಸ್ತಾರಲ್ರಿ?"

"ನನಗೂ ಅದೇ ಡೌಟು" ಎಂದಳು.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ನೋಡೇಬಿಡೋಣವೆಂದು ಆಕೆ ವಾಚನ್ನು ತನ್ನ ಬಲಗೈಗೆ ಕಟ್ಟಿಕೊಂಡು, ಬೋರ್ಡಿನ ಮೇಲೆ ಬರೆಯುವಂತೆ ಗಾಳಿಯಲ್ಲಿ ಒಂದು ಸಾಲು ಬರೆದಳು. ಸೆಕೆಂಡಿನ ಮುಳ್ಳು ನಡೆಯತೊಡಗಿತು. ಆಕೆ ಕಣ್ಣರಳಿಸಿ ಇನ್ನೊಂದು ಸಾಲು ಬರೆದಳು. ಆಮೇಲೆ ಬಿಚ್ಚಲೇ ಇಲ್ಲ.

ವಾಚು ಆಕೆಯ ಕೈಯಲ್ಲೇ ಮನೆಗೆ ಬಂದಿದೆ. ಯಾರದಾದರೂ ಮದುವೆ ಇದ್ದ ದಿನ, ಒಂದು ವಾರ ಮೊದಲೇ ಕೇಳಿದರೆ ನನಗೂ ಕೊಡುತ್ತಾಳಂತೆ.